ಒಂದು ಎರಡಾಗುವ ಪರಿ: ಬ್ಯಾಕ್ಟೀರಿಯಾದ ನಡುವಿನ ಉಂಗುರ

ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳ ಬಾಗಿಲು ಕಾಣದಿದ್ದ ದಿನಗಳು. 1940ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಎ. ಡಿ. ಗಾರ್ಡನರ್ ಎಂಬ ಬ್ಯಾಕ್ಟೀರಿಯಾ ತಜ್ಞರು, ರೋಗಾಣುಗಳನ್ನು ಕೊಲ್ಲಲು ಸಾಲದಷ್ಟು ಅಲ್ಪ ಪೆನಿಸಿಲಿನ್ ಬೆರೆಸಿ ಅವನ್ನು ಬೆಳೆಯಲು ಬಿಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗಿಡ್ಡ ಕಡ್ಡಿಗಳಂತೆ ಇರಬೇಕಾಗಿದ್ದ ಕೋಶಗಳು ನೂಲಿನೆಳೆಗಳಂತೆ ಉದ್ದಕ್ಕೆ ಬೆಳೆದುಕೊಂಡಿದ್ದವು. ಅವು ಸತ್ತಿರಲಿಲ್ಲ. ಆಹಾರ ಹೀರಿ ಬೆಳೆಯುತ್ತಲೇ ಇದ್ದವು. ಎರಡಾಗುವುದು ಮಾತ್ರ ನಿಂತುಹೋಗಿತ್ತು.

ಬೆಳೆಯುವುದು ಬೇರೆ, ಎರಡಾಗುವುದು ಬೇರೆ ಎಂಬುದಕ್ಕೆ ಈ ದಾರದಂಥ ಕೋಶಗಳೇ ಸಾಕ್ಷಿ. ಎರಡಾಗುವುದಕ್ಕೆ ಪ್ರತ್ಯೇಕವಾದ ಯಂತ್ರವೊಂದಿದೆ. ಅದಕ್ಕೆ ಅಡ್ಡಿಯಾದರೆ ಬ್ಯಾಕ್ಟೀರಿಯಾ ಉದ್ದವಾಗುತ್ತದೆಯೇ ಹೊರತು ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಆ ಯಂತ್ರ ಯಾವುದು, ಅದನ್ನು ಜೋಡಿಸುವವರು ಯಾರು ಎಂಬುದನ್ನು ಬಿಡಿಸಿಕೊಳ್ಳಲು ವಿಜ್ಞಾನಕ್ಕೆ ಎಂಟು ದಶಕಗಳೇ ಹಿಡಿದವು.

ಮನುಷ್ಯನ ಕರುಳಿನಲ್ಲಿ ವಾಸಿಸುವ ಇ-ಕೊಲೈ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ ಇಂಥ ಐನೂರು ಕೋಶಗಳನ್ನು ಸಾಲಾಗಿ ಮಲಗಿಸಬಹುದು. ಹದವಾದ ಶಾಖ, ಹೇರಳ ಆಹಾರ ಸಿಕ್ಕರೆ ಅದು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆಹಾರಕ್ಕೆ ಕೊರತೆಯಿಲ್ಲದೆ ಅದೇ ವೇಗದಲ್ಲಿ ನಡೆದರೆ ಒಂದು ಕೋಶದ ಸಂತತಿ ಹತ್ತು ಗಂಟೆಗಳಲ್ಲಿ ನೂರು ಕೋಟಿಯನ್ನು ದಾಟುತ್ತದೆ. ಪ್ರತಿ ಬಾರಿಯೂ ಕೋಶ ತನ್ನ ನಟ್ಟನಡುವನ್ನು ಹುಡುಕಬೇಕು, ಅಲ್ಲಿ ಯಂತ್ರವನ್ನು ನಿಲ್ಲಿಸಬೇಕು, ಡಿಎನ್‌ಎಯ ಎರಡು ಪ್ರತಿಗಳು ಇತ್ತಲೊಂದು ಅತ್ತಲೊಂದು ಸರಿದಿವೆಯೇ ಎಂದು ಖಾತರಿಯಾಗಬೇಕು, ಒಳಗಿನ ಒತ್ತಡಕ್ಕೆ ಒಡೆದುಹೋಗದಂತೆ ನಡುಗೋಡೆ ಕಟ್ಟಿಕೊಂಡು ಬೇರೆಯಾಗಬೇಕು. ಇಷ್ಟಕ್ಕೂ ಅದರೊಳಗೆ ಕೋಶಕೇಂದ್ರವೆಂಬುದೇ ಇಲ್ಲ.

ಬಿಸಿಗೆ ದಾರವಾಗುವ ತಳಿಗಳು

ಯಂತ್ರದ ಬಿಡಿಭಾಗಗಳ ಪಟ್ಟಿ ಸಿದ್ಧವಾಗತೊಡಗಿದ್ದು 1960ರ ದಶಕದಲ್ಲಿ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಯುಕಿನೋರಿ ಹಿರೋಟ, ಆಂಟೊನೆಟ್ ರೈಟರ್ ಮತ್ತು ಫ್ರಾಂಸ್ವಾ ಜಾಕೋಬ್ ಅವರು ಇ-ಕೊಲೈಯ ವಿಚಿತ್ರ ತಳಿಗಳನ್ನು ಹೆಕ್ಕಿ ತೆಗೆದು 1968ರಲ್ಲಿ ವಿವರಿಸಿದರು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ತಳಿಗಳು ಎಲ್ಲರಂತೆ ವಿಭಜನೆಯಾಗುತ್ತವೆ. ಶಾಖವನ್ನು 42 ಡಿಗ್ರಿಗೆ ಏರಿಸಿದೊಡನೆ ವಿಭಜನೆ ನಿಂತು ಕೋಶಗಳು ದಾರಗಳಾಗುತ್ತವೆ. ಬಿಸಿಗೆ ಕೆಡುವ ಯಾವುದೋ ಒಂದು ಪ್ರೋಟೀನು ಪ್ರತಿ ತಳಿಯಲ್ಲೂ ಇದೆ ಎಂದು ಇದರ ಅರ್ಥ. ಹಾಳಾದ ವಂಶವಾಹಿಯನ್ನು ಪತ್ತೆ ಮಾಡಿದರೆ ವಿಭಜನೆಗೆ ಬೇಕಾದ ಪ್ರೋಟೀನು ಕೈಗೆ ಸಿಕ್ಕಂತೆ. ಇಂಥ ವಂಶವಾಹಿಗಳಿಗೆಲ್ಲ 'ಎಫ್‌ಟಿಎಸ್' ಎಂಬ ಮನೆತನದ ಹೆಸರಿಟ್ಟು, ಮುಂದೆ ಎ, ಐ, ಕ್ಯೂ, ಝಡ್ ಎಂದು ಒಂದೊಂದು ಅಕ್ಷರ ಅಂಟಿಸಲಾಯಿತು. ಹೆಸರಿನಲ್ಲಿ ಕಾವ್ಯವೇನೂ ಇಲ್ಲ. ಆದರೂ ಆ ಪಟ್ಟಿಯ ಕೊನೆಯ ಅಕ್ಷರವೇ ಮುಂದೆ ಎಲ್ಲಕ್ಕಿಂತ ಮುಖ್ಯವಾಯಿತು.

ಎಫ್‌ಟಿಎಸ್-ಝಡ್ ವಂಶವಾಹಿಯನ್ನು ಜೋ ಲುಟ್ಕೆನ್‌ಹೌಸ್ ಮತ್ತು ಸಂಗಡಿಗರು 1980ರಲ್ಲಿ ಗುರುತಿಸಿದರು. ಅದು ತಯಾರಿಸುವ ಪ್ರೋಟೀನು ಕೋಶದೊಳಗೆ ಎಲ್ಲಿರುತ್ತದೆ ಎಂಬುದು ತಿಳಿಯಲು ಮತ್ತೆ ಹನ್ನೊಂದು ವರ್ಷ ಬೇಕಾಯಿತು. 1991ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಎರ್ಫೆ ಬಿ ಮತ್ತು ಲುಟ್ಕೆನ್‌ಹೌಸ್ ಈ ಪ್ರೋಟೀನಿಗೆ ಚಿನ್ನದ ಸೂಕ್ಷ್ಮ ಕಣಗಳ ಗುರುತು ಅಂಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ವಿಭಜನೆಯಾಗುವ ಕೋಶದ ನಡುವಿನಲ್ಲಿ, ಒಳಪೊರೆಗೆ ಹೊಂದಿಕೊಂಡು, ಒಡ್ಯಾಣ ಕಟ್ಟಿದಂತೆ ಉಂಗುರವೊಂದು ಕಂಡಿತು. ಕೋಶ ಕಿರಿದಾದಂತೆ ಉಂಗುರವೂ ಕಿರಿದಾಗುತ್ತಿತ್ತು. 1996ರಲ್ಲಿ ಹಸಿರು ಬೆಳಕು ಸೂಸುವ ಜೆಲ್ಲಿ ಮೀನಿನ ಪ್ರೋಟೀನನ್ನು ಇದಕ್ಕೆ ಜೋಡಿಸಿ, ಜೀವಂತ ಕೋಶದಲ್ಲಿಯೇ ಉಂಗುರವನ್ನು ನೋಡಲು ಸಾಧ್ಯವಾಯಿತು.

ಅಲ್ಲಿಯವರೆಗೆ ಬ್ಯಾಕ್ಟೀರಿಯಾ ಎಂದರೆ ಕಿಣ್ವಗಳನ್ನು ತುಂಬಿದ ಚೀಲ, ಅದಕ್ಕೆ ಒಳಗಿನ ಹಂದರವೆಂಬುದು ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. 1998ರಲ್ಲಿ ಕೇಂಬ್ರಿಜ್‌ನಲ್ಲಿ ಯಾನ್ ಲೊವೆ ಮತ್ತು ಲಿಂಡಾ ಅಮೋಸ್ ಎಫ್‌ಟಿಎಸ್-ಝಡ್‌ನ ಮೂರು ಆಯಾಮದ ರಚನೆಯನ್ನು ಬಿಡಿಸಿದಾಗ ಆ ನಂಬಿಕೆ ಪೂರ್ತಿ ಕುಸಿಯಿತು. ಮನುಷ್ಯನ ಕೋಶಗಳು ವಿಭಜನೆಯಾಗುವಾಗ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಮಡಿಕೆ, ಇದರ ಮಡಿಕೆ ಎರಡೂ ಒಂದೇ ಬಗೆಯವು. ಅಮೈನೋ ಆಮ್ಲಗಳ ಸರಣಿಯಲ್ಲಿ ಹೋಲಿಕೆ ತೀರಾ ಕಡಿಮೆ, ಆಕಾರ ಮಾತ್ರ ಅಣ್ಣತಮ್ಮಂದಿರದು. ಈ ಕುಟುಂಬ ಎಷ್ಟು ಹಳೆಯದೆಂದರೆ, ಗಿಡಗಳ ಎಲೆಯಲ್ಲಿರುವ ಹರಿತ್ಕಣಗಳು ಇಂದಿಗೂ ಎಫ್‌ಟಿಎಸ್-ಝಡ್ ಬಳಸಿಯೇ ಎರಡಾಗುತ್ತವೆ; ಅವು ಒಂದಾನೊಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವಷ್ಟೆ.

ಉಂಗುರ ಕಟ್ಟಿಕೊಳ್ಳುವ ಬಗೆ ಸರಳ. ಕೋಶದೊಳಗೆ ಈ ಪ್ರೋಟೀನಿನ ಸಾವಿರಾರು ಅಣುಗಳು ತೇಲುತ್ತಿರುತ್ತವೆ. ಜಿಟಿಪಿ ಎಂಬ ಶಕ್ತಿವಾಹಕ ಅಣುವನ್ನು ಹಿಡಿದ ಝಡ್ ಅಣು ಇನ್ನೊಂದಕ್ಕೆ ಅಂಟುತ್ತದೆ, ಅದು ಮತ್ತೊಂದಕ್ಕೆ. ಹೀಗೆ ಮಣಿ ಪೋಣಿಸಿದಂತೆ ಎಳೆ ಬೆಳೆಯುತ್ತದೆ. ಜಿಟಿಪಿ ಒಡೆದುಹೋದಾಗ ಅಂಟು ಸಡಿಲಗೊಂಡು ಮಣಿ ಕಳಚಿ ಬೀಳುತ್ತದೆ. ಒಂದು ಕಡೆ ಸೇರುವುದು, ಇನ್ನೊಂದು ಕಡೆ ಕಳಚುವುದು ಎಡೆಬಿಡದೆ ನಡೆದಿರುತ್ತದೆ. ಕೋಶದಲ್ಲಿರುವ ಒಟ್ಟು ಅಣುಗಳಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಯಾವುದೇ ಕ್ಷಣದಲ್ಲಿ ಉಂಗುರದಲ್ಲಿ ಇರುತ್ತವೆ, ಅವೂ ಕೆಲವೇ ಸೆಕೆಂಡುಗಳಲ್ಲಿ ಬದಲಾಗುತ್ತವೆ. ಹರಿಯುವ ನದಿಯಲ್ಲಿ ಸುಳಿ ನಿಂತಂತೆ ಕಂಡರೂ ನೀರು ನಿಂತಿರುವುದಿಲ್ಲವಲ್ಲ, ಹಾಗೆ. ಝಡ್ ತಾನಾಗಿ ಪೊರೆಯನ್ನು ಹಿಡಿಯಲಾರದು. ಅದನ್ನು ಪೊರೆಗೆ ಕಟ್ಟಿಹಾಕುವ ಕೆಲಸ ಎಫ್‌ಟಿಎಸ್-ಎ ಮತ್ತು ಝಿಪ್-ಎ ಎಂಬ ಎರಡು ಪ್ರೋಟೀನುಗಳದು. ಇ-ಕೊಲೈಯಲ್ಲಿ ಉಂಗುರ ಮೂಡಲು ಇವೆರಡರಲ್ಲಿ ಒಂದಿದ್ದರೂ ಸಾಕು. ಎರಡೂ ಇಲ್ಲವಾದರೆ ಉಂಗುರವಿಲ್ಲ.

ನಡು ಯಾವುದು?

ಅಳತೆಪಟ್ಟಿಯಿಲ್ಲದೆ, ಕಣ್ಣಿಲ್ಲದೆ, ಒಂದು ಕಡ್ಡಿಯ ನಡುವನ್ನು ಹುಡುಕುವುದು ಹೇಗೆ? ಈ ವಿಷಯದ ಅತ್ಯಂತ ಸೊಗಸಾದ ಭಾಗವೇ ಇದು.

1967ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಹೋವರ್ಡ್ ಆಡ್ಲರ್ ಮತ್ತು ಸಂಗಡಿಗರು ಇ-ಕೊಲೈಯ ಒಂದು ಎಡವಟ್ಟು ತಳಿಯನ್ನು ವರ್ಣಿಸಿದ್ದರು. ಅದು ನಡುವಿನ ಬದಲು ಕೆಲವೊಮ್ಮೆ ತುದಿಯಲ್ಲಿ ಕತ್ತರಿಸಿಕೊಂಡು, ಡಿಎನ್‌ಎಯೇ ಇಲ್ಲದ ಪುಟಾಣಿ ಗುಂಡು ಕೋಶಗಳನ್ನು ಹೊರಹಾಕುತ್ತಿತ್ತು. ಆ ತಳಿಯಲ್ಲಿ ಕೆಟ್ಟಿರುವುದೇನು ಎಂದು ಹುಡುಕುತ್ತ ಹೋದ ಪೀಟ್ ಡಿ ಬೋರ್, ರಾಬಿನ್ ಕ್ರಾಸ್ಲಿ ಮತ್ತು ಲಾರೆನ್ಸ್ ರಾಥ್‌ಫೀಲ್ಡ್ 1989ರಲ್ಲಿ ಮೂರು ಪ್ರೋಟೀನುಗಳನ್ನು ಬಯಲಿಗೆ ತಂದರು: ಮಿನ್-ಸಿ, ಮಿನ್-ಡಿ, ಮಿನ್-ಇ. ತುದಿಗಳಲ್ಲಿ ಉಂಗುರ ಕಟ್ಟದಂತೆ ತಡೆಯುವುದು ಇವುಗಳ ಕೆಲಸ. ಹಾಗಾದರೆ ಅವು ತುದಿಗಳಲ್ಲಿ ಕಾವಲು ಕೂತಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಅಲ್ಲೇ ಅಚ್ಚರಿ ಕಾದಿತ್ತು. 1999ರಲ್ಲಿ ಡೇವಿಡ್ ರಾಸ್ಕಿನ್ ಮತ್ತು ಡಿ ಬೋರ್ ಮಿನ್-ಡಿಗೆ ಹಸಿರು ಬೆಳಕಿನ ಗುರುತು ಅಂಟಿಸಿ ನೋಡಿದಾಗ, ಅದು ಕೋಶದ ಒಂದು ತುದಿಯಿಂದ ಇನ್ನೊಂದು ತುದಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ, ಉಯ್ಯಾಲೆಯಂತೆ ಓಡಾಡುತ್ತಿತ್ತು. ಒಂದು ಸುತ್ತಿಗೆ ಹೆಚ್ಚೆಂದರೆ ನಿಮಿಷ ಅಥವಾ ತುಸು ಹೆಚ್ಚು.

ಎಟಿಪಿ ಅಣುವನ್ನು ಹಿಡಿದ ಮಿನ್-ಡಿ ಒಳಪೊರೆಗೆ ಅಂಟಿಕೊಳ್ಳುತ್ತದೆ. ಮಿನ್-ಸಿ ಅದರ ಬೆನ್ನೇರಿ ಕೂತು ಸುತ್ತಮುತ್ತ ಮೂಡುವ ಝಡ್ ಎಳೆಗಳನ್ನು ಕೆಡಿಸುತ್ತದೆ. ಅಷ್ಟರಲ್ಲಿ ಬೆನ್ನಟ್ಟಿ ಬಂದ ಮಿನ್-ಇ, ಮಿನ್-ಡಿಯನ್ನು ಎಟಿಪಿ ಒಡೆಯುವಂತೆ ಪ್ರಚೋದಿಸಿ ಪೊರೆಯಿಂದ ಎಬ್ಬಿಸಿ ಓಡಿಸುತ್ತದೆ. ಕಳಚಿಬಿದ್ದ ಮಿನ್-ಡಿ ಮತ್ತೆ ಎಟಿಪಿ ಹಿಡಿದು, ಮಿನ್-ಇಯ ಕಾಟವಿಲ್ಲದ ಎದುರು ತುದಿಯಲ್ಲಿ ಬೀಡುಬಿಡುತ್ತದೆ. ಅಲ್ಲಿಗೂ ಮಿನ್-ಇ ಬರುತ್ತದೆ. ಈ ಓಟದ ಸರಾಸರಿ ತೆಗೆದರೆ ಎರಡು ತುದಿಗಳಲ್ಲಿ ತಡೆಗಾರನ ಹಾಜರಿ ಹೆಚ್ಚು, ನಡುವಿನಲ್ಲಿ ಅತಿ ಕಡಿಮೆ. ತಡೆ ಕಡಿಮೆಯಿರುವಲ್ಲಿ ಉಂಗುರ ಕಟ್ಟುತ್ತದೆ. ನಡು ಇದೇ ಎಂದು ಯಾರೂ ತೋರಿಸುವುದಿಲ್ಲ. ಉಳಿದ ಜಾಗವೆಲ್ಲ ಬೇಡವಾದಾಗ ನಡು ತಾನಾಗಿ ಉಳಿಯುತ್ತದೆ.

ಇದರಲ್ಲಿ ಜೀವಕೋಶದ ಇನ್ಯಾವುದೋ ಗುಟ್ಟು ಅಡಗಿರಬಹುದೇ ಎಂಬ ಅನುಮಾನವನ್ನು ಜರ್ಮನಿಯಲ್ಲಿ ಪೆಟ್ರಾ ಶ್ವಿಲ್ಲೆ ಅವರ ತಂಡ 2008ರಲ್ಲಿ ಬಗೆಹರಿಸಿತು. ಗಾಜಿನ ಮೇಲೆ ಹರಡಿದ ಕೃತಕ ಪೊರೆಯ ಮೇಲೆ ಶುದ್ಧೀಕರಿಸಿದ ಮಿನ್-ಡಿ, ಮಿನ್-ಇ ಮತ್ತು ಎಟಿಪಿ ಇಷ್ಟನ್ನೇ ಹಾಕಿದಾಗ ಅಲೆಗಳು ತಾವಾಗಿ ಎದ್ದು ಸಾಲುಸಾಲಾಗಿ ಸಾಗಿದವು. ಕೋಶವೇ ಇಲ್ಲ, ಎರಡು ಪ್ರೋಟೀನುಗಳು ಮತ್ತು ಇಂಧನ, ಅಷ್ಟೆ.

ಎರಡನೆಯ ಕಾವಲು ಡಿಎನ್‌ಎಯ ಮೇಲಿದೆ. ಇ-ಕೊಲೈಯಲ್ಲಿ ಸ್ಲಿಮ್-ಎ, ಮಣ್ಣಿನಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ನಾಕ್ ಎಂಬ ಪ್ರೋಟೀನುಗಳು ಡಿಎನ್‌ಎಗೆ ಅಂಟಿಕೂತು ಅದರ ಮೇಲೆ ಉಂಗುರ ಕಟ್ಟದಂತೆ ನೋಡಿಕೊಳ್ಳುತ್ತವೆ. ಇಲ್ಲದಿದ್ದರೆ ವಂಶವಾಹಿಗಳ ಮೇಲೆಯೇ ಕತ್ತರಿ ಬಿದ್ದೀತು. ಎಲ್ಲ ಬ್ಯಾಕ್ಟೀರಿಯಾಗಳೂ ಇದೇ ಉಪಾಯವನ್ನು ಅನುಸರಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ಯಾಸಿಲಸ್‌ನಲ್ಲಿ ಉಯ್ಯಾಲೆಯಿಲ್ಲ, ಕಾವಲುಗಾರರು ತುದಿಗಳಲ್ಲಿ ಕೂತೇ ಇರುತ್ತಾರೆ. ಕ್ಲಮೀಡಿಯಾ ಎಂಬ ರೋಗಾಣುವಿಗೆ ಎಫ್‌ಟಿಎಸ್-ಝಡ್ ಪ್ರೋಟೀನೇ ಇಲ್ಲ.

ಸರದಿಯ ಶಿಸ್ತು

ಉಂಗುರ ಕೇವಲ ಅಡಿಪಾಯ. ಅದರ ಮೇಲೆ ಒಂದು ಇಡೀ ಯಂತ್ರ ಏಳಬೇಕು. ಇ-ಕೊಲೈಯಲ್ಲಿ ಹನ್ನೆರಡರ ಆಸುಪಾಸಿನಲ್ಲಿ ಅನಿವಾರ್ಯ ಪ್ರೋಟೀನುಗಳೂ, ಅವುಗಳೊಂದಿಗೆ ಸಹಾಯಕ್ಕೆ ನಿಲ್ಲುವ ಇನ್ನೂ ಹಲವಾರು ಪ್ರೋಟೀನುಗಳೂ ಅಲ್ಲಿ ಸೇರುತ್ತವೆ. ಝಡ್, ಎ ಮತ್ತು ಝಿಪ್-ಎ ಮೊದಲು ಬರುತ್ತವೆ. ಆಮೇಲೆ ಗಮನಾರ್ಹವಾದ ಬಿಡುವು. ನಂತರ ಎರಡನೇ ಸರದಿ: ಡಿಎನ್‌ಎಯ ತುದಿಗಳನ್ನು ತಳ್ಳಿ ಬೇರೆ ಮಾಡುವ ಕೆ, ಕೊಂಡಿಯಾಗಿ ನಿಲ್ಲುವ ಕ್ಯೂ, ಎಲ್, ಬಿ, ಗೋಡೆ ಕಟ್ಟುವ ಡಬ್ಲ್ಯು ಮತ್ತು ಐ, ಕಟ್ಟಕಡೆಗೆ ಎನ್. ಮುಂದಿನದು ಬರಬೇಕಾದರೆ ಹಿಂದಿನದು ಸ್ಥಳದಲ್ಲಿರಬೇಕು. ಒಂದನ್ನು ಕೆಡಿಸಿದರೆ ಅದರ ನಂತರದವು ಯಾವುವೂ ಉಂಗುರಕ್ಕೆ ಸೇರುವುದಿಲ್ಲ. ಈ ಸರದಿಯನ್ನು ಸಂಶೋಧಕರು ತಿಳಿದುಕೊಂಡಿದ್ದೂ ಹೀಗೆ ಒಂದೊಂದನ್ನೇ ಕೆಡಿಸಿ ನೋಡುವ ಮೂಲಕವೇ.

ಕೊನೆಗೆ ಬರುವ ಎನ್ ಕೆಲಸಕ್ಕೆ ಚಾಲನೆ ನೀಡುತ್ತದೆ. ಕ್ಯೂ, ಎಲ್, ಬಿ ಕೊಂಡಿಯ ಮೂಲಕ ಹಸಿರು ನಿಶಾನೆ ಡಬ್ಲ್ಯು ಮತ್ತು ಐಗೆ ತಲುಪುತ್ತದೆ. ಸಕ್ಕರೆಯ ಸರಪಳಿ ಹೆಣೆಯುವುದು ಡಬ್ಲ್ಯು ಎಂಬುದು 2019ರಲ್ಲಿ ಪ್ರಯೋಗದಿಂದ ಸಾಬೀತಾಯಿತು. ಆ ಸರಪಳಿಗಳ ನಡುವೆ ಅಡ್ಡಕೊಂಡಿ ಹಾಕಿ ಬಲೆಯಂತೆ ಬಿಗಿಯುವುದು ಐ. ಹೀಗೆ ಕಟ್ಟಿದ ಗೋಡೆಯನ್ನು ಸೀಳಿ ಎರಡು ಮಕ್ಕಳನ್ನು ಬೇರೆ ಮಾಡಲು ಬೇರೆಯೇ ಕಿಣ್ವಗಳಿವೆ. ಅವು ಕೆಲಸ ಮಾಡದಿದ್ದರೆ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತವೆ.

ಬಿಗಿಯುವ ಹಗ್ಗವೋ, ಓಡಾಡುವ ಮೇಸ್ತ್ರಿಯೋ?

ಉಂಗುರ ಕಂಡ ದಿನದಿಂದಲೂ ಎಲ್ಲರ ಮನಸ್ಸಿನಲ್ಲಿದ್ದ ಚಿತ್ರ ಒಂದೇ: ಚೀಲದ ಬಾಯಿಗೆ ಕಟ್ಟಿದ ಹಗ್ಗವನ್ನು ಎಳೆದಂತೆ ಝಡ್ ಉಂಗುರ ಬಿಗಿಯುತ್ತದೆ, ಕೋಶ ಕತ್ತರಿಸಿಹೋಗುತ್ತದೆ. ಇದಕ್ಕೆ ಆಧಾರವಿರಲಿಲ್ಲ ಎಂದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹೆರಾಲ್ಡ್ ಎರಿಕ್ಸನ್ ಅವರ ತಂಡ 2008ರಲ್ಲಿ, ಪೊರೆಗೆ ಅಂಟುವ ಬಾಲವನ್ನು ಝಡ್‌ಗೆ ಜೋಡಿಸಿ ಕೊಬ್ಬಿನ ಕೊಳವೆಗಳೊಳಗೆ ಬಿಟ್ಟಾಗ ಉಂಗುರಗಳು ಮೂಡಿ ಪೊರೆಯನ್ನು ಒಳಕ್ಕೆ ಎಳೆದಿದ್ದವು. ಆದರೆ ಮೆತ್ತನೆಯ ಕೊಬ್ಬಿನ ಪೊರೆ ಬೇರೆ, ಗಟ್ಟಿ ಗೋಡೆಯುಳ್ಳ, ಒಳಗಿನಿಂದ ಒತ್ತಡವಿರುವ ಬ್ಯಾಕ್ಟೀರಿಯಾ ಬೇರೆ.

ಚಿತ್ರ ಬದಲಾದದ್ದು 2017ರಲ್ಲಿ. ಹಾರ್ವರ್ಡ್‌ನ ಈಥನ್ ಗಾರ್ನರ್ ಮತ್ತು ಜಾನ್ಸ್ ಹಾಪ್ಕಿನ್ಸ್‌ನ ಜೀ ಶಿಯಾವ್ ಅವರ ತಂಡಗಳು ಜೀವಂತ ಕೋಶಗಳಲ್ಲಿ ಝಡ್ ಎಳೆಗಳ ಚಲನೆಯನ್ನು ಬೇರೆಬೇರೆಯಾಗಿ ಹಿಂಬಾಲಿಸಿ ಒಟ್ಟಿಗೇ ವರದಿ ಮಾಡಿದವು. ಎಳೆಯ ಮುಂತುದಿಯಲ್ಲಿ ಮಣಿಗಳು ಸೇರುತ್ತ, ಹಿಂತುದಿಯಲ್ಲಿ ಕಳಚುತ್ತ, ಇಡೀ ಎಳೆ ಕೋಶದ ಸುತ್ತ ಸೆಕೆಂಡಿಗೆ ಸುಮಾರು 30 ನ್ಯಾನೋಮೀಟರ್ ವೇಗದಲ್ಲಿ ಸಾಗುವಂತೆ ಕಾಣುತ್ತಿತ್ತು. ಗೋಡೆ ಕಟ್ಟುವ ಕಿಣ್ವಗಳೂ ಅದರೊಂದಿಗೆ ಸುತ್ತುತ್ತಿದ್ದವು. ಅಂದರೆ ಕೋಶವನ್ನು ಹಿಂಡುವುದಕ್ಕಿಂತ, ಗಾರೆಯವರನ್ನು ಗೋಡೆಯ ಸುತ್ತ ಸಮನಾಗಿ ಹಂಚುವುದು ಝಡ್‌ನ ಮುಖ್ಯ ಕೆಲಸ. ಗೋಡೆ ಒಳಮುಖವಾಗಿ ಬೆಳೆದಂತೆ ಕೋಶ ಕಿರಿದಾಗುತ್ತದೆ.

ಆ ನಂತರದ ವರ್ಷಗಳಲ್ಲಿ ಇನ್ನೊಂದು ಸೂಕ್ಷ್ಮ ಹೊರಬಿತ್ತು. ಇ-ಕೊಲೈಯಲ್ಲಿ ಝಡ್‌ನ ಹಿಂದೆ ಓಡುತ್ತಿರುವ ಡಬ್ಲ್ಯು ಅಣುಗಳು ಗೋಡೆ ಕಟ್ಟುತ್ತಿರುವುದಿಲ್ಲ. ಎನ್‌ನಿಂದ ನಿಶಾನೆ ಸಿಕ್ಕು, ಝಡ್‌ನ ಬೆನ್ನು ಬಿಟ್ಟು, ನಿಧಾನಗತಿಗೆ ಇಳಿದ ಅಣುಗಳೇ ನಿಜವಾದ ಕೆಲಸಗಾರರು. ಬ್ಯಾಸಿಲಸ್‌ನಲ್ಲಿ ಗೋಡೆ ಒಮ್ಮೆ ಒಳಕ್ಕೆ ಹೊರಳಿದ ಮೇಲೆ ಝಡ್‌ನ ಓಡಾಟವನ್ನು ನಿಲ್ಲಿಸಿದರೂ ವಿಭಜನೆ ಮುಗಿಯುತ್ತದೆ. ಹಗ್ಗದ ಸಿದ್ಧಾಂತವನ್ನು ಪೂರ್ತಿ ಕೈಬಿಟ್ಟವರೂ ಇದ್ದಾರೆ, ಮೊದಲ ಒಳಬಾಗಿಗೆ ಅಷ್ಟಿಷ್ಟು ಎಳೆತ ಬೇಕೇಬೇಕು ಎನ್ನುವವರೂ ಇದ್ದಾರೆ. ಈ ವಾದ ಇನ್ನೂ ತೀರ್ಮಾನವಾಗಿಲ್ಲ.

ಔಷಧದ ಗುರಿ

ಗಾರ್ಡನರ್ ಕಂಡ ದಾರಗಳ ಒಗಟು ಬಿಡುವುದು ಇಲ್ಲಿಯೇ. 1975ರಲ್ಲಿ ಬ್ರಿಯಾನ್ ಸ್ಪ್ರಾಟ್, ಪೆನಿಸಿಲಿನ್ ಬ್ಯಾಕ್ಟೀರಿಯಾದಲ್ಲಿ ಒಂದಲ್ಲ, ಹಲವು ಪ್ರೋಟೀನುಗಳಿಗೆ ಅಂಟುತ್ತದೆ ಎಂದೂ, ಅವುಗಳಲ್ಲಿ ಮೂರನೆಯದು ವಿಭಜನೆಗೇ ಮೀಸಲಾದದ್ದೆಂದೂ ತೋರಿಸಿದರು. ಆ ಮೂರನೆಯದು ಬೇರೆ ಯಾವುದೂ ಅಲ್ಲ, ಅಡ್ಡಕೊಂಡಿ ಹಾಕುವ ಐ ಪ್ರೋಟೀನು. ಮೂತ್ರದ ಸೋಂಕಿಗೆ ವೈದ್ಯರು ಬರೆದುಕೊಡುವ ಸೆಫಲೆಕ್ಸಿನ್, ಆಸ್ಪತ್ರೆಗಳಲ್ಲಿ ಚುಚ್ಚುಮದ್ದಾಗಿ ಬಳಸುವ ಅಜ್ಟ್ರಿಯೋನಾಮ್ ಮುಖ್ಯವಾಗಿ ಹೊಡೆಯುವುದು ಇದನ್ನೇ. ಅಂದರೆ ಮನುಷ್ಯ ಈ ಯಂತ್ರವನ್ನು ಅರ್ಥ ಮಾಡಿಕೊಳ್ಳುವ ಮೊದಲೇ ಅದನ್ನು ಮುರಿಯಲು ಕಲಿತಿದ್ದ.

ವಿಭಜನೆಯನ್ನು ಬ್ಯಾಕ್ಟೀರಿಯಾ ತಾನೇ ನಿಲ್ಲಿಸಿಕೊಳ್ಳುವುದೂ ಉಂಟು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಇ-ಕೊಲೈ ಸುಲ್-ಎ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಅದು ಝಡ್ ಅಣುಗಳನ್ನು ಹಿಡಿದುಕೊಂಡು ಉಂಗುರ ಕಟ್ಟದಂತೆ ತಡೆಯುತ್ತದೆ. ದುರಸ್ತಿ ಮುಗಿದ ಮೇಲೆ ಇನ್ನೊಂದು ಕಿಣ್ವ ಸುಲ್-ಎಯನ್ನು ಅರೆದುಹಾಕುತ್ತದೆ, ವಿಭಜನೆ ಮುಂದುವರಿಯುತ್ತದೆ. ಇಲಿಗಳ ಮೂತ್ರಕೋಶದಲ್ಲಿ ನಡೆಸಿದ ಅಧ್ಯಯನವೊಂದು 2006ರಲ್ಲಿ ತೋರಿಸಿದಂತೆ, ದಾರವಾಗಿ ಬೆಳೆದ ಇ-ಕೊಲೈಯನ್ನು ನುಂಗುವುದು ಬಿಳಿ ರಕ್ತಕಣಗಳಿಗೆ ಕಷ್ಟ. ಸುಲ್-ಎ ಇಲ್ಲದ ತಳಿಗೆ ಆ ರಕ್ಷಣೆಯಿಲ್ಲ. ದಾರವಾಗುವುದು ಯಾವಾಗಲೂ ಸೋಲಲ್ಲ.

ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರು ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹೊಸ ಗುರಿಗಳ ಹುಡುಕಾಟದಲ್ಲಿ ಎಲ್ಲರ ಕಣ್ಣು ಬಿದ್ದದ್ದು ಸಹಜವಾಗಿಯೇ ಝಡ್ ಮೇಲೆ. ಬಹುತೇಕ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಅದಿದೆ, ಮನುಷ್ಯನಲ್ಲಿ ಇಲ್ಲ. ಅದರ ದೂರದ ಬಂಧು ಟ್ಯೂಬ್ಯುಲಿನ್ ಮಾತ್ರ ಇದೆ. ಔಷಧ ಅದನ್ನು ಮುಟ್ಟಬಾರದು. 2008ರಲ್ಲಿ ಪಿಸಿ190723 ಎಂಬ ಸಂಯುಕ್ತ ಸ್ಟಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಝಡ್‌ಗೆ ಅಂಟಿ ಸೋಂಕಿತ ಇಲಿಗಳನ್ನು ಉಳಿಸಿದಾಗ ಭಾರಿ ಭರವಸೆ ಮೂಡಿತ್ತು. ಅದರ ಸುಧಾರಿತ ರೂಪಗಳು ಬಂದವು, ಆದರೆ ಈ ಬಗೆಯ ಒಂದು ಔಷಧವೂ ಇದುವರೆಗೆ ಅಂಗಡಿಗೆ ಬಂದಿಲ್ಲ.

ಈ ಹುಡುಕಾಟದಲ್ಲಿ ಭಾರತದ ಪ್ರಯೋಗಾಲಯಗಳೂ ಇವೆ. ಮುಂಬಯಿಯ ಐಐಟಿಯಲ್ಲಿ ದುಲಾಲ್ ಪಾಂಡಾ ಅವರ ತಂಡ, ಅರಿಸಿನದ ಕರ್ಕ್ಯುಮಿನ್ ಝಡ್ ಎಳೆಗಳ ಜೋಡಣೆಯನ್ನು ಕೆಡಿಸಿ ಬ್ಯಾಸಿಲಸ್ ಕೋಶಗಳನ್ನು ದಾರಗಳನ್ನಾಗಿಸುತ್ತದೆ ಎಂದು 2008ರಲ್ಲಿ ವರದಿ ಮಾಡಿತು. ಇದು ಪ್ರಯೋಗಶಾಲೆಯ ಫಲಿತಾಂಶ. ಅರಿಸಿನದ ಹಾಲು ಕುಡಿದರೆ ಸೋಂಕು ವಾಸಿಯಾಗುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಅಜಿತ್‌ಕುಮಾರ್ ಅವರ ಪ್ರಯೋಗಾಲಯ ಕ್ಷಯದ ಬ್ಯಾಕ್ಟೀರಿಯಾದ ಝಡ್ ಪ್ರೋಟೀನನ್ನು ಅಧ್ಯಯನಕ್ಕೆ ಎತ್ತಿಕೊಂಡಿತ್ತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲೇ ಇರುವುದರಿಂದ ಆ ಆಯ್ಕೆಗೆ ತೂಕವಿದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಇ-ಕೊಲೈಯಂಥ ಮಿನ್ ಉಯ್ಯಾಲೆಯಾಗಲಿ, ಡಿಎನ್‌ಎಯ ಮೇಲಿನ ಸ್ಲಿಮ್-ಎ ಕಾವಲಾಗಲಿ ಇಲ್ಲ. ಅದರ ಕುಲದ ಬ್ಯಾಕ್ಟೀರಿಯಾಗಳು ಮೈಮೇಲಿನ ಅಲೆಯಂಥ ಏರುತಗ್ಗುಗಳಲ್ಲಿ ತಗ್ಗಿರುವೆಡೆಯೇ ಎರಡಾಗುತ್ತವೆ ಎಂಬುದು 2017ರಲ್ಲಿ ತಿಳಿಯಿತು.

ಬ್ಯಾಕ್ಟೀರಿಯಾ ಸುಮ್ಮನೆ ಕೂತಿಲ್ಲ. ಎನ್‌ಡಿಎಂ ಎಂಬ ಕಿಣ್ವವುಳ್ಳ ಇ-ಕೊಲೈ ಬಹುತೇಕ ಪೆನಿಸಿಲಿನ್ ಕುಟುಂಬದ ಔಷಧಗಳನ್ನು ಕತ್ತರಿಸಿಹಾಕುತ್ತದೆ, ಅಜ್ಟ್ರಿಯೋನಾಮ್ ಅನ್ನು ಮಾತ್ರ ಅದು ಕತ್ತರಿಸಲಾರದು. ಹೀಗಾಗಿ ಅಜ್ಟ್ರಿಯೋನಾಮ್ ಜೊತೆಗೆ ಅವಿಬ್ಯಾಕ್ಟಮ್ ಸೇರಿಸಿದ ಮದ್ದಿನ ಮೇಲೆ ವೈದ್ಯರು ಭರವಸೆ ಇಟ್ಟರು. 2024ರಲ್ಲಿ ಯುರೋಪಿನಲ್ಲಿ ಅದಕ್ಕೆ ಅನುಮತಿಯೂ ದೊರೆಯಿತು. ಆದರೆ ಅದಕ್ಕೂ ಮೊದಲೇ, 2015ರಲ್ಲಿ, ಇಂಥ ಕೆಲವು ಇ-ಕೊಲೈಗಳ ಐ ಪ್ರೋಟೀನಿನಲ್ಲಿ ನಾಲ್ಕು ಹೆಚ್ಚುವರಿ ಅಮೈನೋ ಆಮ್ಲಗಳು ಸೇರಿಕೊಂಡಿರುವುದು ಪತ್ತೆಯಾಗಿತ್ತು. ಭಾರತದ ರೋಗಿಗಳಿಂದ ಪಡೆದ ಮಾದರಿಗಳಲ್ಲಿ ಈ ಬದಲಾವಣೆ ವ್ಯಾಪಕವಾಗಿದೆ ಎಂದು 2020ರ ಅಧ್ಯಯನ ತಿಳಿಸಿತು. ಔಷಧ ಕೂರಬೇಕಾದ ಸಂದಿಯ ಪಕ್ಕದಲ್ಲೇ ಈ ಸೇರ್ಪಡೆ ಇದ್ದು, ಔಷಧದ ಹಿಡಿತವನ್ನು ಸಡಿಲಿಸುತ್ತದೆ. ಗೋಡೆ ಕಟ್ಟುವ ಕೆಲಸ ಮಾತ್ರ ನಡೆದೇ ಇರುತ್ತದೆ. ಡಬ್ಲ್ಯು, ಐ, ಕ್ಯೂ, ಎಲ್, ಬಿ ಐದೂ ಒಂದಕ್ಕೊಂದು ಹೊಂದಿಕೊಂಡು ನಿಂತ ಚಿತ್ರವನ್ನು ಲೊವೆ ಅವರ ತಂಡ 2023ರಲ್ಲಿ ಮತ್ತೊಂದು ರೋಗಾಣುವಾದ ಸೂಡೊಮೊನಾಸ್‌ನಿಂದ ಪಡೆದು ಪ್ರಕಟಿಸಿದೆ. ಐ ಪ್ರೋಟೀನಿನ ಈ ಸಂದಿಯನ್ನು ಬಿಟ್ಟು, ಐದೂ ಸೇರುವ ಬೇರೆ ಯಾವ ಜಾಗದಲ್ಲಿ ಬೆಣೆ ಹಾಕಬಹುದು ಎಂದು ಔಷಧ ಸಂಶೋಧಕರು ಈಗ ಆ ಚಿತ್ರವನ್ನು ಮುಂದಿಟ್ಟುಕೊಂಡು ಹುಡುಕಬಹುದಾಗಿದೆ.